ಚಕ್ರದ ಮೇಲಿನ ಮನೆ, ಹೆದ್ದಾರಿ ಬದಿಯ ನಿದ್ದೆ

ಮೊನ್ನೆ ಪಾಠ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಫೋಟೋ ತಂದು ತೋರಿಸಿದ. ಅಮೆರಿಕದಲ್ಲಿರುವ ಅವನ ಚಿಕ್ಕಪ್ಪ ಕಳಿಸಿದ್ದು. ರಾತ್ರಿ ಹೊತ್ತು, ದೀಪದ ಕಂಬದ ಕೆಳಗೆ ಬಸ್ಸಿನಂಥ ಒಂದು ಬಿಳಿ ಗಾಡಿ. ಅದರ ಆಚೆ ಸಾಲಾಗಿ ನಿಂತ ದೈತ್ಯ ಲಾರಿಗಳು.

"ಸಾರ್, ಒಳಗೆ ಮಂಚ, ಅಡುಗೆಮನೆ, ಬಾತ್‌ರೂಮು ಎಲ್ಲಾ ಇದೆಯಂತೆ. ಅಂಥ ಗಾಡಿ ಬಾಡಿಗೆಗೆ ತಗೊಂಡು ಲಾರಿ ನಿಲ್ಸೋ ಜಾಗದಲ್ಲಿ ಯಾಕೆ ಮಲಗಿದ್ರು? ಬೇರೆ ಜಾಗ ಸಿಗಲಿಲ್ವಾ?" ಎಂದು ಕೇಳಿದ.

ಪ್ರಶ್ನೆ ಸಣ್ಣದು. ಆದರೆ ಉತ್ತರದಲ್ಲಿ ಭೂಗೋಳ, ಕಾನೂನು, ವಿದ್ಯುತ್ತು, ನಮ್ಮ ಮಿದುಳು ಎಲ್ಲವೂ ಬಂದುಬಿಡುತ್ತವೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಂದೆ ತಾಯಂದಿರು ನಮ್ಮ ಊರುಗಳಲ್ಲೂ ಈಗ ಕಡಿಮೆಯೇನಿಲ್ಲ. ರಜೆಯಲ್ಲಿ ಮಗನೋ ಅಳಿಯನೋ ಇಂಥ ಗಾಡಿಯಲ್ಲಿ ಅವರನ್ನು ಸುತ್ತಾಡಿಸುವುದೂ ಉಂಟು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಏನಿದು ಆರ್.ವಿ.?

ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಚಿಕ್ಕ ರೂಪವೇ ಆರ್.ವಿ. ಕೆಲವು ಬಸ್ಸಿನಷ್ಟು ದೊಡ್ಡವು, ಕೆಲವು ವ್ಯಾನಿನಷ್ಟು ಚಿಕ್ಕವು. ಇನ್ನು ಕೆಲವನ್ನು ಕಾರು ಅಥವಾ ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಾರೆ. ಇವುಗಳಿಗೆಂದೇ ಕ್ಯಾಂಪ್‌ಗ್ರೌಂಡ್‌ಗಳಿವೆ. ಅಲ್ಲಿ ಹಣ ಕೊಟ್ಟರೆ ವಿದ್ಯುತ್, ನೀರು, ಹಲವೆಡೆ ಒಳಚರಂಡಿಯ ಸಂಪರ್ಕವೂ ದೊರೆಯುತ್ತದೆ. ಹಾಗಿದ್ದರೂ ಹೆದ್ದಾರಿ ಬದಿಯಲ್ಲಿ ಮಲಗುವುದೇಕೆ?

ಮೊದಲ ಕಾರಣ ದೂರ. ಸಿಯಾಟಲ್‌ನಿಂದ ಬಾಸ್ಟನ್‌ವರೆಗೆ ಹೋಗುವ 90ನೇ ಸಂಖ್ಯೆಯ ಅಂತರರಾಜ್ಯ ಹೆದ್ದಾರಿಯ ಉದ್ದ ಸುಮಾರು 4,860 ಕಿ.ಮೀ. ಇಂಥ ದಾರಿಯಲ್ಲಿ ಹಗಲಿಡೀ ಓಡಿಸಿದವನಿಗೆ ರಾತ್ರಿ ಬೇಕಾದದ್ದು ಈಜುಕೊಳವಲ್ಲ, ಆರೇಳು ಗಂಟೆಗಳ ನಿದ್ದೆ. ಅದಕ್ಕಾಗಿ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋಗಿ, ಕತ್ತಲಲ್ಲಿ ಕ್ಯಾಂಪ್‌ಗ್ರೌಂಡ್ ಹುಡುಕಿ, ಪೂರ್ತಿ ಬಾಡಿಗೆ ಕಟ್ಟಿ, ಬೆಳಗಾಗುತ್ತಲೇ ಹೊರಡುವುದು ಹಲವರಿಗೆ ಬೇಡವೆನಿಸುತ್ತದೆ.

ಎರಡು ಬಗೆಯ ತಾಣಗಳು

ಹೆದ್ದಾರಿಯಲ್ಲಿ ತಂಗುವ ಜಾಗಗಳು ಎರಡು ಬಗೆ. ಒಂದು, ರಾಜ್ಯ ಸರ್ಕಾರಗಳು ನಡೆಸುವ ರೆಸ್ಟ್ ಏರಿಯಾ. ಶೌಚಾಲಯ, ಕುಡಿಯುವ ನೀರು, ಮರದ ನೆರಳು, ಕೂರಲು ಬೆಂಚು, ಇಷ್ಟೇ. ಪೆಟ್ರೋಲ್ ಬಂಕ್ ಆಗಲಿ ಹೋಟೆಲ್ ಆಗಲಿ ಸಾಮಾನ್ಯವಾಗಿ ಇರುವುದಿಲ್ಲ. ಇದಕ್ಕೊಂದು ಇತಿಹಾಸವಿದೆ. ಅಧ್ಯಕ್ಷ ಐಸೆನ್‌ಹೋವರ್ 1956ರ ಜೂನ್ 29ರಂದು ಸಹಿ ಹಾಕಿದ ಹೆದ್ದಾರಿ ಕಾಯಿದೆ, ಅಂತರರಾಜ್ಯ ಹೆದ್ದಾರಿಗೆ ಸೇರಿದ ನೆಲದಲ್ಲಿ ವ್ಯಾಪಾರ ನಡೆಸುವುದನ್ನು ನಿಷೇಧಿಸಿತು. 1940ರಲ್ಲೇ ತೆರೆದಿದ್ದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಂಥ ಹಳೆಯ ಸುಂಕದ ರಸ್ತೆಗಳಲ್ಲಿ ಮಾತ್ರ ಊಟ, ಇಂಧನದ ಅಂಗಡಿಗಳು ಉಳಿದುಕೊಂಡವು.

ಆದ್ದರಿಂದ ವ್ಯಾಪಾರವೆಲ್ಲ ಹೆದ್ದಾರಿಯಿಂದ ಇಳಿಯುವ ತಿರುವುಗಳ ಬಳಿ ಬೆಳೆಯಿತು. ಅದೇ ಎರಡನೆಯ ಬಗೆ, ಟ್ರಕ್ ಸ್ಟಾಪ್. ಡೀಸೆಲ್, ಊಟ, ಸ್ನಾನದ ಕೋಣೆ, ಬಟ್ಟೆ ಒಗೆಯುವ ಯಂತ್ರ, ವಿಶಾಲವಾದ ನಿಲುಗಡೆ ಎಲ್ಲವೂ ಅಲ್ಲಿ ಸಿಗುತ್ತದೆ. ಪೈಲಟ್ ಫ್ಲೈಯಿಂಗ್ ಜೆ, ಲವ್ಸ್, ಟ್ರಾವೆಲ್ ಸೆಂಟರ್ಸ್ ಆಫ್ ಅಮೆರಿಕ ಇವು ಈ ವಹಿವಾಟಿನ ದೊಡ್ಡ ಹೆಸರುಗಳು.

ರೆಸ್ಟ್ ಏರಿಯಾದಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 8 ಗಂಟೆ. ಆರೆಗನ್‌ನಲ್ಲಿ 12 ಗಂಟೆ. ಟೆಕ್ಸಸ್‌ನಲ್ಲಿ 24 ಗಂಟೆ. ಫ್ಲಾರಿಡಾದಲ್ಲಿ ಸಾಮಾನ್ಯ ವಾಹನಗಳಿಗೆ ಬರೀ 3 ಗಂಟೆ, ಟ್ರಕ್ ಚಾಲಕರಿಗೆ ಮಾತ್ರ 10 ಗಂಟೆ! ಈ ವ್ಯತ್ಯಾಸ ಏಕೆ? ಅದು ತಿಳಿಯಬೇಕಾದರೆ ಮೊದಲು ನಿದ್ದೆಯ ವಿಜ್ಞಾನ ನೋಡಬೇಕು.

ಕಣ್ಣು ತೆರೆದೇ ನಿದ್ದೆ

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗಿ ನಿದ್ದೆಯ ಒತ್ತಡ ತರುತ್ತದೆ. ಕಾಫಿಯಲ್ಲಿರುವ ಕೆಫೀನ್ ಈ ಅಡೆನೊಸಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ, ಅಷ್ಟೇ. ಸಾಲವನ್ನು ಮುಂದೂಡುತ್ತದೆ, ತೀರಿಸುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. 24 ಗಂಟೆ ಆದರೆ ಅದು ಶೇ. 0.10ಕ್ಕೆ ಸಮ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕುಡಿದು ಓಡಿಸುವ ಅಪರಾಧಕ್ಕೆ ಇರುವ ಮಿತಿ ಶೇ. 0.08!

ಇನ್ನೂ ಅಪಾಯದ್ದು ಕ್ಷಣನಿದ್ರೆ. ಕಣ್ಣು ತೆರೆದಿದ್ದರೂ ಮಿದುಳು ಕೆಲವು ಸೆಕೆಂಡು ಮಲಗಿಬಿಡುತ್ತದೆ. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ಗಂಟೆಗೆ 108 ಕಿ.ಮೀ. ಎಂದರೆ ಸೆಕೆಂಡಿಗೆ 30 ಮೀಟರ್. ನಾಲ್ಕು ಸೆಕೆಂಡಿನ ಕ್ಷಣನಿದ್ರೆಯಲ್ಲಿ ಗಾಡಿ 120 ಮೀಟರ್ ಓಡಿರುತ್ತದೆ. ಫುಟ್‌ಬಾಲ್ ಮೈದಾನಕ್ಕಿಂತ ಹೆಚ್ಚು ದೂರ, ಚಾಲಕನೇ ಇಲ್ಲದೆ!

ಹಲವು ವರ್ಷಗಳ ಹಿಂದೆ ನಮ್ಮ ಶಾಲಾ ಪ್ರವಾಸದ ಬಸ್ಸು ಬೆಳಗಿನ ಜಾವ ಮೂರೂವರೆಗೆ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ಪುಣ್ಯಕ್ಕೆ ಅಲ್ಲಿ ಹಳ್ಳವಿರಲಿಲ್ಲ. ಚಾಲಕ ಎರಡು ರಾತ್ರಿ ಮಲಗಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಹೊರಡುವ ಮುನ್ನ ಅವನನ್ನು "ಊಟ ಆಯ್ತೇನಪ್ಪಾ?" ಎಂದು ಕೇಳಿದ್ದ ನಾನು, "ನಿದ್ದೆ ಆಯ್ತೇ?" ಎಂದು ಕೇಳಿರಲಿಲ್ಲ. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗಿನ ಅವಧಿ ತೂಕಡಿಕೆಯ ಅಪಘಾತಗಳು ಹೆಚ್ಚಾಗಿ ನಡೆಯುವ ಹೊತ್ತು ಎಂಬುದನ್ನು ಆ ಮೇಲೆ ಓದಿ ತಿಳಿದೆ.

ಏಳು ಡಾಲರ್‌ಗೆ ಒಂದು ಜೀವ

ಈ ಕಾರಣಕ್ಕೇ ಅಮೆರಿಕದಲ್ಲಿ ಸರಕು ಸಾಗಿಸುವ ಟ್ರಕ್ ಚಾಲಕರಿಗೆ ಕಟ್ಟುನಿಟ್ಟಿನ ನಿಯಮವಿದೆ. ಸತತ 10 ಗಂಟೆ ವಿಶ್ರಾಂತಿ ಪಡೆದ ಮೇಲೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. 2017ರ ಡಿಸೆಂಬರಿನಿಂದ ಹೆಚ್ಚಿನ ಟ್ರಕ್ಕುಗಳಲ್ಲಿ ಇದನ್ನು ಇಲೆಕ್ಟ್ರಾನಿಕ್ ಉಪಕರಣವೇ ದಾಖಲಿಸುತ್ತದೆ. ಗಡಿಯಾರ ಮುಗಿದರೆ ಗಾಡಿ ನಿಲ್ಲಿಸಲೇಬೇಕು. ಆದರೆ ನಿಲ್ಲಿಸುವುದೆಲ್ಲಿ?

2009ರ ಮಾರ್ಚಿನಲ್ಲಿ ಜೇಸನ್ ರಿವನ್‌ಬರ್ಗ್ ಎಂಬ ಚಾಲಕ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಸರಕು ಇಳಿಸಬೇಕಿತ್ತು. ಸಮಯಕ್ಕೆ ಮೊದಲೇ ಬಂದಿದ್ದರು. ಹತ್ತಿರದಲ್ಲಿ ಸುರಕ್ಷಿತ ಜಾಗವಿಲ್ಲದೆ ಪಾಳುಬಿದ್ದ ಪೆಟ್ರೋಲ್ ಬಂಕ್ ಒಂದರಲ್ಲಿ ಟ್ರಕ್ ನಿಲ್ಲಿಸಿ ಮಲಗಿದರು. ದರೋಡೆಕೋರನೊಬ್ಬ ಅವರನ್ನು ಗುಂಡಿಟ್ಟು ಕೊಂದ. ಸಿಕ್ಕಿದ್ದು ಏಳು ಡಾಲರ್. ಅವರ ಪತ್ನಿ ಆಗ ಅವಳಿ ಮಕ್ಕಳ ತುಂಬು ಗರ್ಭಿಣಿ. ಆ ಕುಟುಂಬ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದಿಂದ 2012ರಲ್ಲಿ 'ಜೇಸನ್ಸ್ ಲಾ' ಜಾರಿಗೆ ಬಂದು, ಟ್ರಕ್ ನಿಲುಗಡೆಗೆ ಹಣ ಒದಗಿಸಲು ಮತ್ತು ಸಮೀಕ್ಷೆ ನಡೆಸಲು ದಾರಿಯಾಯಿತು. 2019ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇದ್ದ ಟ್ರಕ್ ನಿಲುಗಡೆ ಸ್ಥಳಗಳು ಸುಮಾರು 3 ಲಕ್ಷ 13 ಸಾವಿರ. ಅದರಲ್ಲಿ ಸುಮಾರು 40 ಸಾವಿರ ಮಾತ್ರ ಸರ್ಕಾರಿ ರೆಸ್ಟ್ ಏರಿಯಾಗಳಲ್ಲಿ, ಉಳಿದದ್ದೆಲ್ಲ ಖಾಸಗಿ ಟ್ರಕ್ ಸ್ಟಾಪ್‌ಗಳಲ್ಲಿ.

ಈಗ ಫ್ಲಾರಿಡಾದ 3 ಗಂಟೆ, 10 ಗಂಟೆಯ ಗುಟ್ಟು ತಿಳಿಯಿತಲ್ಲವೇ? ಪ್ರವಾಸಿಯ ಆರ್.ವಿ. ಟ್ರಕ್ಕಿನ ಉದ್ದನೆಯ ಜಾಗದಲ್ಲಿ ನಿಂತರೆ, ನಡುರಾತ್ರಿ ಬಂದ ಚಾಲಕನೊಬ್ಬ ಮತ್ತೆ ರಸ್ತೆಗೆ ಇಳಿಯಬೇಕಾಗುತ್ತದೆ. ಅದೂ ತುಂಬಿದಾಗ 36 ಟನ್ ತೂಗುವ ಗಾಡಿಯೊಂದಿಗೆ, ನಿದ್ದೆಗಣ್ಣಿನಲ್ಲಿ.

ಒಂದು ರಾತ್ರಿಯ ವಿದ್ಯುತ್ ಲೆಕ್ಕ

ವಿದ್ಯುತ್ ಸಂಪರ್ಕವಿಲ್ಲದೆ ಗಾಡಿಯೊಳಗೆ ರಾತ್ರಿ ಕಳೆಯುವುದು ಹೇಗೆ? ಆರ್.ವಿ.ಗಳಲ್ಲಿ ಎಂಜಿನ್ ಚಾಲೂ ಮಾಡಲು ಒಂದು ಬ್ಯಾಟರಿ, ಮನೆಯ ಬಳಕೆಗೆ ಬೇರೆ ಬ್ಯಾಟರಿ ಇರುತ್ತದೆ. ರಾತ್ರಿ ದೀಪ ಉರಿಸಿದ್ದಕ್ಕೆ ಬೆಳಿಗ್ಗೆ ಎಂಜಿನ್ ಮುಷ್ಕರ ಹೂಡಬಾರದಲ್ಲ! 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧ, ಅಂದರೆ 600 ಮಾತ್ರ ಬಳಸಬೇಕು. ಒಟ್ಟು 12 ವ್ಯಾಟ್‌ನ ಎಲ್.ಇ.ಡಿ. ದೀಪಗಳು 4 ಗಂಟೆ ಉರಿದರೆ 48. ಚಳಿಗಾಲದಲ್ಲಿ ಹೀಟರಿನ 90 ವ್ಯಾಟ್ ಫ್ಯಾನು ಒಟ್ಟು 4 ಗಂಟೆ ತಿರುಗಿದರೆ 360. ರಾತ್ರಿ ಕಳೆಯಿತು. ಆದರೆ 1500 ವ್ಯಾಟ್‌ನ ಎ.ಸಿ. ಹಾಕಿದಿರೋ, ಲೆಕ್ಕದ ಪ್ರಕಾರ 24 ನಿಮಿಷಕ್ಕೇ 600 ಖಾಲಿ!

ಆಗ ಕೆಲವರು ಜನರೇಟರ್ ಹಾಕಿ ಮಲಗುತ್ತಾರೆ. ಇಲ್ಲಿ ಎಚ್ಚರ ಬೇಕು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದ್ದವರು ಎಚ್ಚರಗೊಳ್ಳದೆಯೇ ಸಾಯಬಹುದು. ಆದ್ದರಿಂದ ಈ ಅನಿಲವನ್ನು ಪತ್ತೆ ಹಚ್ಚುವ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮಲಗುವ ಮುನ್ನ ಗುಂಡಿ ಒತ್ತಿ ನೋಡಬೇಕು.

ನಿಲ್ಲುವುದು ಬೇರೆ, ಬೀಡುಬಿಡುವುದು ಬೇರೆ

ಅನುಭವಿಗಳು ಪಾಲಿಸುವ ಕ್ರಮ ಹೀಗಿದೆ:

* ರೆಸ್ಟ್ ಏರಿಯಾದ ಫಲಕ ಓದಿ. ಟ್ರಕ್ ಸ್ಟಾಪ್ ಆದರೆ ಒಳಗೆ ಹೋಗಿ ಕೌಂಟರಿನಲ್ಲಿ ಕೇಳಿ. ಡೀಸೆಲ್ಲನ್ನೋ ಊಟವನ್ನೋ ಅಲ್ಲೇ ಕೊಳ್ಳುವುದು ಮರ್ಯಾದೆ.

* ಆರ್.ವಿ.ಗೆಂದು ಗುರುತಿಸಿದ ಜಾಗವಿದ್ದರೆ ಅಲ್ಲೇ ನಿಲ್ಲಿಸಿ. ಟ್ರಕ್ಕಿನ ಸಾಲನ್ನು ಬಿಟ್ಟುಕೊಡಿ.

* ಹೊರಗೆ ಕುರ್ಚಿ, ಒಲೆ, ಚಪ್ಪರ ಹಾಕಬೇಡಿ. ಡಾಂಬರಿನ ಮೇಲೆ ಜಾಕ್ ಇಳಿಸಿದರೆ ಬಿಸಿಲಿಗೆ ಮೆತ್ತಗಾದ ನೆಲ ಕುಸಿಯುತ್ತದೆ.

* ಕೊಳೆನೀರು, ಮಲದ ತೊಟ್ಟಿಗಳನ್ನು ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಮಾತ್ರ ಖಾಲಿ ಮಾಡಿ.

* ಕತ್ತಲ ಮೂಲೆ ಬೇಡ, ದೀಪದ ಬೆಳಕಿರಲಿ. ಜಾಗ ಸರಿಯೆನಿಸದಿದ್ದರೆ ಮುಂದಿನ ತಾಣಕ್ಕೆ ಹೋಗಿ. ಅದಕ್ಕೆ ಬೇಕಾದಷ್ಟು ಎಚ್ಚರ ಉಳಿದಿರುವಾಗಲೇ ಹುಡುಕಾಟ ಶುರುಮಾಡಿ.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗ ಮತ್ತೆ ಫೋಟೋ ನೋಡಿದ. "ಹಾಗಾದ್ರೆ ಚಿಕ್ಕಪ್ಪ ಸರಿಯಾದ ಜಾಗದಲ್ಲಿ ನಿಲ್ಸಿದ್ರಾ ಸಾರ್?" ಎಂದ. ನಾನೂ ಕನ್ನಡಕ ಏರಿಸಿ ನೋಡಿದೆ. ಬಿಳಿ ಗಾಡಿ ಒಂದು ಬದಿಯಲ್ಲಿ, ಚಿಕ್ಕ ಗಾಡಿಗಳ ಸಾಲಿನಲ್ಲಿತ್ತು. ಆಚೆ ಟ್ರಕ್ಕುಗಳ ಸಾಲಿನಲ್ಲಿ ಒಂದು ಉದ್ದನೆಯ ಜಾಗ ಇನ್ನೂ ಖಾಲಿಯಿತ್ತು.

"ಸರಿಯಾಗಿಯೇ ನಿಲ್ಲಿಸಿದ್ದಾರಪ್ಪಾ. ಆ ಖಾಲಿ ಜಾಗಕ್ಕೆ ಆ ರಾತ್ರಿ ಯಾರೋ ಒಬ್ಬ ಬಂದು ಮಲಗಿರುತ್ತಾನೆ" ಎಂದೆ.