ಕ್ರ್ಯಾಂಕ್‌ಶಾಫ್ಟ್ ಆಯಿಲ್ ಸೀಲ್ ಸೋರಿಕೆ (ಟೂ-ಸ್ಟ್ರೋಕ್ ಸ್ಕೂಟರ್)

ಕ್ರ್ಯಾಂಕ್‌ಶಾಫ್ಟ್ ಆಯಿಲ್ ಸೀಲ್ ಸೋರಿಕೆಯು ಟೂ-ಸ್ಟ್ರೋಕ್ ಸ್ಕೂಟರ್ ಎಂಜಿನ್‌ಗಳಲ್ಲಿ, ವಿಶೇಷವಾಗಿ ಪೂರ್ಣವಾಗಿ ಬಿಚ್ಚಿ ಮರುಜೋಡಿಸಿದ ಎಂಜಿನ್‌ಗಳಲ್ಲಿ ಕಂಡುಬರುವ ಒಂದು ದೋಷ. ಕ್ರ್ಯಾಂಕ್‌ಶಾಫ್ಟ್‌ನ ಎರಡು ಬದಿಗಳಲ್ಲಿರುವ ರಬ್ಬರ್ ಸೀಲುಗಳಲ್ಲಿ ಯಾವುದಾದರೂ ಒಂದು ಬಿಗಿತವನ್ನು ಕಳೆದುಕೊಂಡಾಗ ಇದು ಉಂಟಾಗುತ್ತದೆ. ಸೋರಿಕೆಯು ಹೊರಗಿನಿಂದ ಕಣ್ಣಿಗೆ ಕಾಣದಿರುವುದರಿಂದ ಎಂಜಿನ್ ತೋರುವ ಲಕ್ಷಣಗಳ ಮೂಲಕವೇ ಅದನ್ನು ಗುರುತಿಸಬೇಕಾಗುತ್ತದೆ. ಎರಡು ಬದಿಗಳ ಸೋರಿಕೆಯ ಲಕ್ಷಣಗಳು ಬಹುಮಟ್ಟಿಗೆ ಪರಸ್ಪರ ಭಿನ್ನವಾಗಿವೆ.

ಹಿನ್ನೆಲೆ

ಇಟಲಿಯ ಪಿಯಾಜಿಯೊ ಸಂಸ್ಥೆಯು 1946ರಲ್ಲಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಭಾರತದಲ್ಲಿ 1972ರಲ್ಲಿ ಬಂದ ಬಜಾಜ್ ಚೇತಕ್ ಅದೇ ಪರಂಪರೆಯ ವಿನ್ಯಾಸವನ್ನು ಆಧರಿಸಿತ್ತು. ಟೂ-ಸ್ಟ್ರೋಕ್ ಚೇತಕ್‌ನ ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದರೂ ಹಳೆಯ ವಾಹನಗಳನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವ ರೂಢಿ ಮುಂದುವರಿದಿದೆ.

ಸೀಲ್‌ನ ಕಾರ್ಯ

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಒಂದು ಪಂಪಿನಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲಕ್ಕೆ ಚಲಿಸಿದಾಗ ಕ್ರ್ಯಾಂಕ್‌ಕೇಸ್‌ನೊಳಗೆ ಒತ್ತಡ ಕುಸಿದು, ಕಾರ್ಬುರೇಟರ್‌ನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣವು ಒತ್ತಲ್ಪಟ್ಟು ಸಿಲಿಂಡರನ್ನು ಸೇರುತ್ತದೆ. ಈ ಉಸಿರಾಟ ಸರಿಯಾಗಿ ನಡೆಯಲು ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಮುಚ್ಚಿರಬೇಕು. ತಿರುಗುವ ಶಾಫ್ಟ್‌ನ ಸುತ್ತ ಈ ಮುಚ್ಚುವಿಕೆಯನ್ನು ಎರಡು ಸೀಲುಗಳು ನಿರ್ವಹಿಸುತ್ತವೆ. ಒಂದು ಮ್ಯಾಗ್ನೆಟ್ ಇರುವ ಬದಿಯಲ್ಲಿದೆ. ಅದರ ಆಚೆಗೆ ಹೊರಗಿನ ಗಾಳಿ. ಇನ್ನೊಂದು ಕ್ಲಚ್ ಬದಿಯಲ್ಲಿದೆ. ಅದರ ಆಚೆಗೆ ಗೇರ್ ಆಯಿಲ್. ಸೋರಿಕೆಯ ಲಕ್ಷಣಗಳು ಭಿನ್ನವಾಗಿರುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಫೋರ್-ಸ್ಟ್ರೋಕ್ ಸ್ಕೂಟರ್‌ಗಳಲ್ಲಿ ಮಿಶ್ರಣವು ಕ್ರ್ಯಾಂಕ್‌ಕೇಸ್‌ನ ಮೂಲಕ ಹಾದುಹೋಗುವುದಿಲ್ಲ. ಆದ್ದರಿಂದ ಅಲ್ಲಿ ಸೀಲ್ ಹಾಳಾದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್ ಜಿನುಗುತ್ತದೆಯೇ ಹೊರತು ಮಿಶ್ರಣದ ಪ್ರಮಾಣ ಕೆಡುವುದಿಲ್ಲ.

ಕ್ಲಚ್ ಬದಿಯ ಸೋರಿಕೆ

ಈ ಬದಿಯ ಸೀಲ್ ಸೋರಿದರೆ ಕ್ರ್ಯಾಂಕ್‌ಕೇಸ್ ಗೇರ್ ಆಯಿಲನ್ನು ಒಳಗೆ ಎಳೆದುಕೊಂಡು ಸುಡುತ್ತದೆ. ಸೈಲೆನ್ಸರ್‌ನಿಂದ ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬರುತ್ತದೆ ಮತ್ತು ಸ್ಪಾರ್ಕ್ ಪ್ಲಗ್ ಎಣ್ಣೆಯಿಂದ ತೊಯ್ದು ಕಪ್ಪಾಗುತ್ತದೆ. ಪೆಟ್ರೋಲಿಗೆ 2ಟಿ ಆಯಿಲ್ ಹೆಚ್ಚಾದರೂ ಹೊಗೆ ಬರುವುದರಿಂದ ಹೊಗೆಯೊಂದನ್ನೇ ಸಾಕ್ಷಿಯಾಗಿ ಪರಿಗಣಿಸಲಾಗದು. ಗೇರ್ ಆಯಿಲ್‌ನ ಮಟ್ಟವೂ ಇಳಿಯುತ್ತಿದ್ದರೆ ಸಂಶಯ ಬಲಗೊಳ್ಳುತ್ತದೆ. ವೆಸ್ಪಾ ಪಿಎಕ್ಸ್ ಮಾದರಿಯ ಗೇರ್‌ಬಾಕ್ಸ್ ಸುಮಾರು 250 ಮಿ.ಲೀ. ಆಯಿಲನ್ನಷ್ಟೇ ಹಿಡಿಯುವುದರಿಂದ ನಷ್ಟವು ಬೇಗ ತಿಳಿದುಬರುತ್ತದೆ.

ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ಪೆಟ್ರೋಲ್ ಮಿಶ್ರಣವೇ ಗೇರ್‌ಬಾಕ್ಸ್‌ಗೆ ನುಗ್ಗುತ್ತದೆ. ಆಗ ಗೇರ್ ಆಯಿಲ್ ತೆಳುವಾಗಿ ಪೆಟ್ರೋಲಿನ ವಾಸನೆ ಬೀರುತ್ತದೆ. ಅಂತಹ ಆಯಿಲ್ ಗೇರ್‌ಗಳನ್ನು ಸವೆತದಿಂದ ಸರಿಯಾಗಿ ಕಾಪಾಡಲಾರದು.

ಮ್ಯಾಗ್ನೆಟ್ ಬದಿಯ ಸೋರಿಕೆ

ಈ ಬದಿಯಲ್ಲಿ ಒಳನುಗ್ಗುವುದು ಗಾಳಿ. ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುವುದರಿಂದ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ವೇಗ ತಕ್ಷಣ ಇಳಿಯದಿರುವುದು, ಸ್ಲೋ ಸ್ಪೀಡ್ ಏರಿಳಿಯುವುದು, ಸ್ಕ್ರೂ ತಿರುಗಿಸಿದರೂ ಅದು ಒಂದು ಹದಕ್ಕೆ ನಿಲ್ಲದಿರುವುದು ಮತ್ತು ಪ್ಲಗ್‌ನ ತುದಿ ಬಿಳಿಚಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣಗಳು.

ಎರಡು ಬಗೆಯ ಸೋರಿಕೆಗಳಲ್ಲಿ ಇದೇ ಹೆಚ್ಚು ಅಪಾಯಕಾರಿ. ಹೊಗೆಯಂತಹ ಎಚ್ಚರಿಕೆ ಇಲ್ಲಿ ಇರುವುದಿಲ್ಲ. ಎಂಜಿನ್ ಮೊದಲಿಗಿಂತ ಚುರುಕಾಗಿದೆ ಎಂಬ ಭ್ರಮೆಯೂ ಸವಾರನಿಗೆ ಉಂಟಾಗಬಹುದು. ಬಿಸಿಯೇರಿದ ಪಿಸ್ಟನ್ ಸಿಲಿಂಡರ್‌ನಲ್ಲಿ ಹಿಡಿದುಕೊಂಡು ಸೀಜ್ ಆದರೆ ಚಲಿಸುತ್ತಿರುವಾಗಲೇ ಹಿಂದಿನ ಚಕ್ರ ಸ್ಥಗಿತಗೊಂಡು ಸವಾರ ಬೀಳುವ ಸಂಭವವಿದೆ.

ಪರೀಕ್ಷೆ

ಕಾರ್ಬುರೇಟರ್‌ನ ಗ್ಯಾಸ್ಕೆಟ್, ಸಿಲಿಂಡರ್‌ನ ತಳ ಅಥವಾ ಕ್ರ್ಯಾಂಕ್‌ಕೇಸ್‌ನ ಎರಡು ಭಾಗಗಳು ಕೂಡುವ ಅಂಚಿನಲ್ಲಿ ಗಾಳಿ ಸೋರಿದರೂ ಮೇಲಿನ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ಕಾರ್ಬುರೇಟರ್‌ಗೆ ತಕ್ಕುದಲ್ಲದ ಜೆಟ್ ಹಾಕಿದಾಗಲೂ ಹೀಗಾಗುತ್ತದೆ. ಹೊಸದಾಗಿ ಜೋಡಿಸಿದ ಎಂಜಿನ್‌ನಲ್ಲಿ ಜೋಡಣೆಯ ವೇಳೆ ಸವರಿದ ಎಣ್ಣೆ ಸುಡುವುದರಿಂದ ಆರಂಭದಲ್ಲಿ ಸ್ವಲ್ಪ ಹೊಗೆ ಬರುವುದು ಸಹಜ. ಹೀಗಾಗಿ ಎಂಜಿನ್ ಬಿಚ್ಚುವ ಮೊದಲು ಒತ್ತಡದ ಪರೀಕ್ಷೆ ನಡೆಸುವುದು ಸೂಕ್ತ.

ಈ ಪರೀಕ್ಷೆಯಲ್ಲಿ ಕಾರ್ಬುರೇಟರ್ ಮತ್ತು ಸೈಲೆನ್ಸರ್‌ಗಳನ್ನು ಕಳಚಿ, ಆ ಎರಡೂ ದ್ವಾರಗಳನ್ನು ಗಾಳಿಯಾಡದಂತೆ ಮುಚ್ಚಲಾಗುತ್ತದೆ. ಪಿಸ್ಟನನ್ನು ಕೆಳಗಿನ ತುದಿಗೆ ತಂದು, ಪ್ಲಗ್ ರಂಧ್ರದ ಮೂಲಕ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಲಾಗುತ್ತದೆ. ಮಾಪಕದ ಮುಳ್ಳು ಕೆಲವು ನಿಮಿಷ ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಎಂಜಿನ್ ಬಿಗಿಯಾಗಿದೆ ಎಂದರ್ಥ. ಅದು ಬೇಗ ಇಳಿದರೆ ಜೋಡಣೆಯ ಅಂಚುಗಳಿಗೆ ಸಾಬೂನು ನೀರು ಸವರಿ ಗುಳ್ಳೆಗಳನ್ನು ಗಮನಿಸಬೇಕು. ಮ್ಯಾಗ್ನೆಟ್ ಕಳಚಿದರೆ ಆ ಬದಿಯ ಸೀಲಿಗೂ ಸಾಬೂನು ನೀರು ಸವರಬಹುದು. ಗೇರ್ ಆಯಿಲ್ ತುಂಬುವ ರಂಧ್ರದ ಬಾಯಿಗೆ ಸಾಬೂನಿನ ಪೊರೆ ಹಚ್ಚಿದಾಗ ಅದು ಉಬ್ಬಿದರೆ ಕ್ಲಚ್ ಬದಿಯ ಸೀಲ್ ಸೋರುತ್ತಿದೆ ಎಂದು ತಿಳಿಯಬಹುದು. ಒತ್ತಡ ಹೆಚ್ಚಾದರೆ ಒಳ್ಳೆಯ ಸೀಲ್ ಕೂಡ ಸ್ಥಾನ ತಪ್ಪಬಹುದಾದ್ದರಿಂದ ಮಿತಿ ಮೀರಬಾರದು.

ಓಡುತ್ತಿರುವ ಎಂಜಿನ್‌ನ ಮೇಲೆ ಉರಿಯುವ ದ್ರವವನ್ನು ಚಿಮುಕಿಸಿ ವೇಗದ ಬದಲಾವಣೆಯನ್ನು ಗಮನಿಸುವ ಪದ್ಧತಿಯೂ ಇದೆ. ಇದರಲ್ಲಿ ಬೆಂಕಿಯ ಅಪಾಯವಿದೆ. ಅಲ್ಲದೆ ವೆಸ್ಪಾ ಮಾದರಿಯಲ್ಲಿ ಮ್ಯಾಗ್ನೆಟ್ ಚಕ್ರವೇ ತಂಪುಗೊಳಿಸುವ ಫ್ಯಾನ್ ಆಗಿರುವುದರಿಂದ ದ್ರವವು ಸುತ್ತಲೂ ಚದುರಿ ತಪ್ಪು ಸೂಚನೆ ನೀಡಬಹುದು.

ಕಾರಣಗಳು ಮತ್ತು ದುರಸ್ತಿ

ಮರುಜೋಡಣೆಯಾದ ಎಂಜಿನ್‌ನಲ್ಲಿ ಹೊಸ ಸೀಲ್ ಕೂಡ ಸೋರಬಹುದು. ಶಾಫ್ಟ್‌ನಲ್ಲಿರುವ ಕೀಲಿಗಾಡಿಯ ಚೂಪಾದ ಅಂಚು ತಗುಲಿ ಸೀಲ್‌ನ ತುಟಿ ಹರಿಯುವುದು, ಗ್ರೀಸ್ ಸವರದೆ ಕೂರಿಸುವುದು, ಸೀಲನ್ನು ತಿರುಗುಮುರುಗಾಗಿ ಅಥವಾ ಓರೆಯಾಗಿ ಹಾಕುವುದು ಇದಕ್ಕೆ ಮುಖ್ಯ ಕಾರಣಗಳು. ಹಳೆಯ ಸೀಲ್ ಉಜ್ಜಿ ಶಾಫ್ಟ್‌ನ ಮೇಲೆ ಗೆರೆ ಬಿದ್ದಿದ್ದರೆ, ಇಲ್ಲವೇ ಬೇರಿಂಗ್ ಸವೆದು ಶಾಫ್ಟ್ ಅಲುಗಾಡುತ್ತಿದ್ದರೆ ಸೀಲನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ.

ವೆಸ್ಪಾ ಪಿಎಕ್ಸ್‌ನಲ್ಲಿ ಮ್ಯಾಗ್ನೆಟ್ ಮತ್ತು ಕಾಯಿಲ್ ತಟ್ಟೆಯನ್ನು ಕಳಚಿ ಆ ಬದಿಯ ಸೀಲನ್ನು ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಬದಿಯ ಸೀಲಿಗಾಗಿ ಕ್ರ್ಯಾಂಕ್‌ಕೇಸನ್ನೇ ಎರಡು ಭಾಗವಾಗಿ ಬೇರ್ಪಡಿಸಬೇಕಾಗುತ್ತದೆ. ದೋಷ ಯಾವ ಬದಿಯಲ್ಲಿದೆ ಎಂಬುದು ಮೊದಲೇ ಖಚಿತವಾದರೆ ಅನಗತ್ಯ ಶ್ರಮ ಮತ್ತು ವೆಚ್ಚ ಎರಡೂ ಉಳಿಯುತ್ತವೆ. ದುರಸ್ತಿಯ ನಂತರ ಒತ್ತಡದ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ ಎಂಜಿನ್ ಚಾಲೂ ಮಾಡುವುದು ಸುರಕ್ಷಿತ ಕ್ರಮ.