ಯುದ್ಧಕ್ಕೆ ನಿಷಿದ್ಧ, ಜಿಂಕೆ ಬೇಟೆಗೆ ಕಡ್ಡಾಯ

ಕೋಲ್ಕತ್ತದ ವಿಮಾನ ನಿಲ್ದಾಣದ ಬಳಿಯಿರುವ ಡಮ್‌ಡಮ್ ಎಂಬ ಊರಿನ ಹೆಸರು ಇಂಗ್ಲಿಷ್ ನಿಘಂಟಿಗೂ ಸೇರಿದೆ. ಅದಕ್ಕೆ ಕಾರಣ ವಿಮಾನವಲ್ಲ, ಬಂದೂಕಿನ ಗುಂಡು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಯಾರಾದ ಒಂದು ಬಗೆಯ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನ ಘೋಷಿಸಿತು. ಆದರೆ ಜಿಂಕೆಯನ್ನು ಹೊಡೆಯುವುದಾದರೆ ಅದೇ ಜಾತಿಯ ಗುಂಡನ್ನೇ ಬಳಸಬೇಕೆಂದು ಇಂಗ್ಲೆಂಡಿನ ಕಾನೂನು ಇಂದು ವಿಧಿಸುತ್ತದೆ. ಮನುಷ್ಯನ ವಿಷಯದಲ್ಲಿ ಕ್ರೌರ್ಯವಾದದ್ದು ಮೃಗದ ವಿಷಯದಲ್ಲಿ ಕರುಣೆಯಾದದ್ದು ಹೇಗೆ?

ಮೊದಲು ಒಂದು ವಿವರ. ಆಡುಮಾತಿನಲ್ಲಿ ತೋಟಾ ಮತ್ತು ಗುಂಡು ಒಂದೇ ಎಂಬಂತೆ ಬಳಕೆಯಾಗುತ್ತವೆ. ವಾಸ್ತವದಲ್ಲಿ ತೋಟಾ ಎಂದರೆ ಇಡೀ ಕಟ್ಟು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಕುದುರೆ ಎಳೆದಾಗ ನಳಿಗೆಯಿಂದ ಹೊರಬಿದ್ದು ಹಾರುವುದು ಗುಂಡು ಮಾತ್ರ. ಅದು ಎಷ್ಟು ವೇಗದಲ್ಲಿ ಹೋಗುತ್ತದೆಂಬುದನ್ನು ಬಹುಮಟ್ಟಿಗೆ ತೋಟಾ ನಿರ್ಧರಿಸುತ್ತದೆ. ತಗುಲಿದ ಮೇಲೆ ಏನು ಮಾಡುತ್ತದೆಂಬುದು ಗುಂಡಿನ ರಚನೆಗೆ ಸೇರಿದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬ್ರಿಟಿಷ್ ಸೈನಿಕರ ಮಾರ್ಟಿನಿ-ಹೆನ್ರಿ ಬಂದೂಕು ಸುಮಾರು 31 ಗ್ರಾಂ ತೂಕದ ದಪ್ಪ ಸೀಸದ ಗುಂಡನ್ನು ಹಾರಿಸುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಗುಂಡಿನ ವೇಗ ಹೆಚ್ಚಿತು, ಗಾತ್ರ ಇಳಿಯಿತು. ಆ ವೇಗಕ್ಕೆ ಬರಿಯ ಸೀಸ ನಳಿಗೆಯ ಒಳಗೆರೆಗಳಲ್ಲಿ ಮೆತ್ತಿಕೊಳ್ಳುವುದರಿಂದ ಗುಂಡಿಗೆ ಗಟ್ಟಿ ಲೋಹದ ಕವಚ ತೊಡಿಸಬೇಕಾಯಿತು. ಸುಮಾರು 14 ಗ್ರಾಂ ತೂಕದ ಈ ಹೊಸ .303 ಗುಂಡು ದೇಹವನ್ನು ಸೂಜಿಯಂತೆ ತೂರಿ ಹೋಗುತ್ತದೆ, ಎದುರಾಳಿ ಬೀಳುವುದಿಲ್ಲ ಎಂಬ ದೂರು 1895ರ ಚಿತ್ರಾಲ್ ಕಾಳಗದಲ್ಲಿ ಕೇಳಿಬಂತು. ಡಮ್‌ಡಮ್ ಕಾರ್ಖಾನೆಯ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ಮೂಗಿನ ಭಾಗದ ಕವಚವನ್ನು ತೆಗೆದು ಸೀಸವನ್ನು ತೆರೆದಿಟ್ಟ. ತಗುಲಿದೊಡನೆ ಆ ಮೆತ್ತನೆಯ ಮೂಗು ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡತೊಡಗಿತು.

ಹೇಗ್ ಸಮ್ಮೇಳನದಲ್ಲಿ ಬ್ರಿಟನ್ ಇದನ್ನು ಸಮರ್ಥಿಸಿಕೊಂಡಿತು. ನಾಗರಿಕ ಸೈನಿಕ ಗಾಯಗೊಂಡರೆ ನಿಲ್ಲುತ್ತಾನೆ, ಅನಾಗರಿಕ ನಿಲ್ಲುವುದಿಲ್ಲ ಎಂಬುದು ಅದರ ಪ್ರತಿನಿಧಿ ಜಾನ್ ಆರ್ಡಾ ಅವರ ವಾದದ ತಿರುಳು. ವಸಾಹತಿನ ಜನರನ್ನು ಆಳುವವರು ಹೇಗೆ ಕಾಣುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಾದ ಸೋತಿತು. 1907ರಲ್ಲಿ ಬ್ರಿಟನ್ನೂ ಆ ಘೋಷಣೆಯನ್ನು ಒಪ್ಪಿಕೊಂಡಿತು.

ಬೇಟೆಯ ಲೆಕ್ಕಾಚಾರ ಬೇರೆ. ಯುದ್ಧದಲ್ಲಿ ಶತ್ರು ಹೋರಾಡಲಾರದಂತಾದರೆ ಸಾಕು. ಅವನಿಗೆ ಚಿಕಿತ್ಸೆ ಕೊಡಲು ವೈದ್ಯರಿದ್ದಾರೆ. ಗಾಯಗೊಂಡ ಜಿಂಕೆಗೆ ಯಾರೂ ಇಲ್ಲ. ಕವಚದ ಗುಂಡು ಸಣ್ಣ ರಂಧ್ರ ಮಾಡಿ ಆಚೆಗೆ ಹೋದರೆ ಅದು ಪೊದೆ ಸೇರಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯಬಹುದು. ಅರಳುವ ಗುಂಡು ಹೃದಯ, ಶ್ವಾಸಕೋಶಗಳನ್ನು ಹರಿದರೆ ಬಹುಬೇಗ ಪ್ರಾಣ ಹೋಗುತ್ತದೆ.

ಬ್ರಿಟನ್ನಿನಲ್ಲಿ ಈಗ ಆರು ಜಾತಿಯ ಜಿಂಕೆಗಳಿವೆ. ಅವುಗಳನ್ನು ತಿನ್ನುತ್ತಿದ್ದ ತೋಳ, ಲಿಂಕ್ಸ್‌ಗಳು ಎಂದೋ ನಿರ್ನಾಮವಾದುದರಿಂದ ಎಳೆ ಸಸಿಗಳನ್ನು ಉಳಿಸಲು ಜಿಂಕೆಗಳ ಸಂಖ್ಯೆಯನ್ನು ಬಂದೂಕಿನಿಂದಲೇ ತಗ್ಗಿಸುತ್ತಾರೆ. ಅದಕ್ಕಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 1991ರ ಜಿಂಕೆ ಕಾಯ್ದೆ ಮೂರು ಅಳತೆಗಳನ್ನು ಇಟ್ಟಿದೆ. ರೈಫಲಿನ ಕ್ಯಾಲಿಬರ್ .240 ಅಂಗುಲಕ್ಕಿಂತ, ಅಂದರೆ ಸುಮಾರು 6.1 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 1,700 ಅಡಿ-ಪೌಂಡಿಗಿಂತ, ಅಂದರೆ ಸುಮಾರು 2,300 ಜೂಲ್‌ಗಿಂತ ಕಡಿಮೆ ಇರಬಾರದು. ಗುಂಡಿನ ಮೂಗು ಮೆತ್ತಗಿರಬೇಕು ಅಥವಾ ಟೊಳ್ಳಾಗಿರಬೇಕು. ನಮ್ಮ ಕಾಡುಕುರಿಯ ಬಂಧುವಾದ, ಚೀನಾದಿಂದ ತಂದು ಬಿಟ್ಟ ಪುಟ್ಟ ಮಂಟ್‌ಜಾಕ್‌ನಂಥವಕ್ಕೆ ಮಾತ್ರ 2007ರಲ್ಲಿ ಅಳತೆಯನ್ನು ಸಡಿಲಿಸಲಾಯಿತು.

ಹಾಗೆಂದು ದೊಡ್ಡ ತೋಟಾವೇ ಉತ್ತಮವೆಂದಲ್ಲ. 1955ರಲ್ಲಿ ಬಂದ .243 ವಿಂಚೆಸ್ಟರ್ ತೋಟಾದಲ್ಲಿ ಸಾಮಾನ್ಯವಾಗಿ ಆರೂವರೆ ಗ್ರಾಂವರೆಗಿನ ಗುಂಡಿರುತ್ತದೆ, 1952ರ.308 ವಿಂಚೆಸ್ಟರ್‌ನಲ್ಲಿ ಸುಮಾರು ಹತ್ತು ಗ್ರಾಂನದು. ಎರಡನೆಯದು ಭುಜವನ್ನು ಹೆಚ್ಚು ಒದೆಯುತ್ತದೆ. ಒದೆತಕ್ಕೆ ಹೆದರಿ ಬೆಚ್ಚುವವನ ಗುರಿ ತಪ್ಪುತ್ತದೆ. ತಪ್ಪು ಜಾಗಕ್ಕೆ ಬಿದ್ದ ದೊಡ್ಡ ಗುಂಡಿಗಿಂತ ಸರಿಯಾದ ಜಾಗಕ್ಕೆ ಬಿದ್ದ ಸಣ್ಣ ಗುಂಡು ಮೇಲು. ಇನ್ನು ಗುಂಡು ಅತಿಯಾಗಿ ಮೆತ್ತಗಿದ್ದರೂ ಕಷ್ಟ. 1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಬೇಟೆಗಾರ ಮೂಸ್ ಎಂಬ ಭಾರಿ ಜಿಂಕೆಗೆ ಹೊಡೆದ ಗುಂಡುಗಳು ಕೆಸರು ಮೆತ್ತಿದ ಅದರ ಚರ್ಮದ ಬಳಿಯೇ ಒಡೆದುಹೋದವು. ಆ ಮೇಲೆ ಆತ ನಡುವೆ ಅಡ್ಡಗೋಡೆಯಿರುವ ಗುಂಡನ್ನು ರೂಪಿಸಿದ. ಅದರ ಮುಂಭಾಗ ಅರಳುತ್ತದೆ, ಹಿಂಭಾಗ ಒಡೆಯದೆ ಆಳಕ್ಕೆ ಇಳಿಯುತ್ತದೆ.

ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಅರಳುವ ಸೀಸದ ಗುಂಡು ಮಾಂಸದಲ್ಲಿ ಕಣ್ಣಿಗೆ ಕಾಣದ ಚೂರುಗಳನ್ನು ಬಿಡುತ್ತದೆ. ಬೇಟೆಗಾರರು ಬಿಟ್ಟುಹೋದ ಕರುಳು, ಅವಶೇಷಗಳನ್ನು ತಿಂದ ಹಕ್ಕಿಗಳಿಗೆ ಅದು ವಿಷ. 1982ರಲ್ಲಿ ಕೇವಲ 22 ಉಳಿದಿದ್ದ ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾರಣಹದ್ದನ್ನು ಕಾಡಿದ ಮುಖ್ಯ ವಿಷ ಈ ಸೀಸವೇ. ಅಲ್ಲಿ ಬೇಟೆಗೆ ಸೀಸದ ಗುಂಡನ್ನು 2019ರ ಜುಲೈಯಿಂದ ಸಂಪೂರ್ಣ ನಿಷೇಧಿಸಲಾಗಿದೆ. ಡೆನ್ಮಾರ್ಕ್ 2024ರಲ್ಲಿ ಬೇಟೆಯ ರೈಫಲಿಗೂ ಆ ನಿಷೇಧವನ್ನು ವಿಸ್ತರಿಸಿತು. ಬದಲಿಗೆ ಬಂದಿರುವುದು ತಾಮ್ರದ ಗುಂಡು. ಅದು ಚೂರಾಗುವುದು ಕಡಿಮೆ. ಆದರೆ ತಾಮ್ರ ಸೀಸಕ್ಕಿಂತ ಹಗುರ, ಗಡುಸು. ಸರಿಯಾಗಿ ಅರಳಲು ಹೆಚ್ಚು ವೇಗ ಬೇಕು. ಆದ್ದರಿಂದ ಬೇಟೆಗಾರ ತನ್ನ ಹಳೆಯ ತೋಟಾದ ತೂಕ, ದೂರಗಳನ್ನು ಮತ್ತೆ ಲೆಕ್ಕಹಾಕಬೇಕಾಗಿದೆ.

ನಮ್ಮಲ್ಲಿ ಈ ಆಯ್ಕೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಕಾಯ್ದೆ ಉಳಿಸಿದ್ದ ಪರವಾನಗಿ ಬೇಟೆಯನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಹುಲಿ, ಚಿರತೆ, ಸೀಳುನಾಯಿಗಳು ಇರುವ ನಮ್ಮ ಕಾಡುಗಳಲ್ಲಿ ಜಿಂಕೆಯ ಲೆಕ್ಕವನ್ನು ಅವೇ ನೋಡಿಕೊಳ್ಳುತ್ತವೆ. ಅವುಗಳನ್ನು ಕಳೆದುಕೊಂಡ ನಾಡು ಆ ಕೆಲಸವನ್ನು ತೋಟಾಕ್ಕೆ ಒಪ್ಪಿಸಬೇಕಾಯಿತು. ಒಪ್ಪಿಸಿದ ಮೇಲೆ, ಸಾವು ಎಷ್ಟು ಬೇಗ ಬರಬೇಕು, ಗುಂಡು ಹಿಂದೆ ಏನನ್ನು ಬಿಟ್ಟುಹೋಗಬಾರದು ಎಂಬುದನ್ನೂ ಕಾನೂನೇ ಬರೆಯಬೇಕಾಗಿದೆ.