ಆಸ್ಪತ್ರೆಯ ಉಗ್ರಾಣದಲ್ಲಿ ಒಂದು ಸುತ್ತು

ಜಿಲ್ಲಾಸ್ಪತ್ರೆಗೆ ಬಂದವರ ಕಣ್ಣಿಗೆ ಹೊರರೋಗಿ ವಿಭಾಗ, ಹೆರಿಗೆ ವಾರ್ಡು, ತುರ್ತು ಚಿಕಿತ್ಸಾ ಘಟಕ ಬೀಳುತ್ತವೆ. ಹಿಂಬದಿಯ ಉಗ್ರಾಣದ ಕಡೆ ಸುಳಿಯುವವರು ಕಡಿಮೆ. ವಾರ್ಡಿನ ಪ್ರತಿ ಸಲೈನ್ ಬಾಟಲಿ, ಪ್ರತಿ ಜೊತೆ ಕೈಗವಸು ಹೊರಡುವುದು ಇಲ್ಲಿಂದಲೇ. ಚಿಕಿತ್ಸೆ ಶುರುವಾಗುವ ಈ ಜಾಗವನ್ನು ನೋಡಲೆಂದು ಅಂಥದ್ದೊಂದು ಉಗ್ರಾಣಕ್ಕೆ ಹೋದೆ. ಅಲ್ಲಿನ ಫಾರ್ಮಸಿ ಅಧಿಕಾರಿ ಜತೆಗಿದ್ದರು.

ಬಾಗಿಲಲ್ಲೇ ಲಾರಿಯಿಂದ ಇಳಿದ ಪೆಟ್ಟಿಗೆಗಳು. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಖರೀದಿಸಿ ಕೊಡುವ ಹೊಣೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು. ಬಂದ ಸರಕನ್ನು ಮೊದಲು ಎಣಿಸುತ್ತಾರೆ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳನ್ನು ದಾಖಲಿಸುತ್ತಾರೆ. ಆಮೇಲಷ್ಟೇ ಅದು ಕಪಾಟು ಸೇರುತ್ತದೆ. ಬ್ಯಾಚ್ ನಂಬರಿನ ಮಹತ್ವ 2024ರ ನವೆಂಬರ್‌ನಲ್ಲಿ ಇಡೀ ರಾಜ್ಯಕ್ಕೆ ತಿಳಿಯಿತು. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಅದರ ಬಳಕೆಯನ್ನು ಸರ್ಕಾರ ತಡೆಯಿತು. ಅಂಥ ಹೊತ್ತಿನಲ್ಲಿ ಯಾವ ಬ್ಯಾಚು ಯಾವ ವಾರ್ಡಿಗೆ ಹೋಗಿದೆ ಎಂದು ಹೇಳಬಲ್ಲದ್ದು ಸ್ಟಾಕ್ ಪುಸ್ತಕವೊಂದೇ.

ಒಳಗೆ ಸಾಲುಸಾಲು ಕಪಾಟು. ಪೆಟ್ಟಿಗೆಗಳು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲಿವೆ. ಬೇಗ ಅವಧಿ ಮುಗಿಯುವ ಸರಕು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಅವಧಿ ಮೀರಿದ್ದು ಬೇರೆ ಮೂಲೆಯಲ್ಲಿ ಬೀಗದೊಳಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದು ಹಳದಿ ವರ್ಗದ ತ್ಯಾಜ್ಯ. ಮಾರ್ಫಿನ್‌ನಂಥ ಔಷಧಗಳಿಗೆ ಎರಡು ಬೀಗದ ಕಪಾಟು, ಪ್ರತ್ಯೇಕ ರಿಜಿಸ್ಟರು.

ಎಷ್ಟು ಇಟ್ಟುಕೊಳ್ಳಬೇಕು? ಉಗ್ರಾಣದ ಬುದ್ಧಿಯೆಲ್ಲ ಖರ್ಚಾಗುವುದು ಈ ಪ್ರಶ್ನೆಗೆ. ದಿನಕ್ಕೆ 40 ಬಾಟಲಿ ಸಲೈನ್ ಬೇಕು, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ ಮೇಲೆ ಸರಕು ಬರಲು 15 ದಿನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟಕ್ಕೇ 600 ಬಾಟಲಿ ಬೇಕು. ಲಾರಿ ತಡವಾದರೆಂದು ಒಂದು ವಾರದ್ದು ಸೇರಿಸಿದರೆ 880. ದಾಸ್ತಾನು ಆ ಮಟ್ಟಕ್ಕೆ ಇಳಿದ ದಿನವೇ ಹೊಸ ಇಂಡೆಂಟ್ ಹೋಗಬೇಕು.

ಆದರೆ ಎಲ್ಲವೂ ಸಲೈನಿನ ಹಾಗೆ ಸರಾಸರಿಗೆ ಸಿಗುವುದಿಲ್ಲ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನೇ ನೋಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ವಿಷವೇರಿದ ರೋಗಿಗೆ ಮೊದಲಿಗೇ 8ರಿಂದ 10 ವಯಲ್ ಬೇಕಾಗುತ್ತದೆ, ಇನ್ನಷ್ಟು ಬೇಕಾಗುವುದೂ ಉಂಟು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಉಳಿದದ್ದು ಮಳೆಗಾಲದ ಒಂದೇ ರಾತ್ರಿಯಲ್ಲಿ ಖಾಲಿಯಾಗಬಹುದು. ರಾಜ್ಯದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ವರದಿ ಮಾಡುವುದು ಕಡ್ಡಾಯ. ಆ ವರದಿ ಯಾವ ತಾಲ್ಲೂಕಿಗೆ ಯಾವ ತಿಂಗಳು ಎಷ್ಟು ವಯಲ್ ಬೇಕೆಂಬುದಕ್ಕೂ ದಾರಿ ತೋರಬಲ್ಲದು. ಸರಾಸರಿಯೊಂದೇ ಸಾಲದು, ಅದಕ್ಕೇ ಔಷಧಗಳನ್ನು ತೂಗಲು ಇಲ್ಲಿ ಎರಡು ತಕ್ಕಡಿ: ಒಂದು ಹಣದ್ದು, ಇನ್ನೊಂದು ಜೀವದ್ದು. ಅಡ್ರಿನಲಿನ್ ಅಗ್ಗದ ಔಷಧ. ಹಣದ ಪಟ್ಟಿಯಲ್ಲಿ ತೀರ ಕೆಳಗೆ, ಜೀವದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ.

ಪಕ್ಕದ ಕೋಣೆಯಲ್ಲಿ ಶೀತಲ ಪೆಟ್ಟಿಗೆಗಳು. ಲಸಿಕೆ, ಇನ್ಸುಲಿನ್, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಹತ್ತಿದರೆ ಕೆಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಹೆಪಟೈಟಿಸ್-ಬಿ, ಪೆಂಟಾವೇಲೆಂಟ್ ಲಸಿಕೆಗಳು ಹಾಳು. ಆದ್ದರಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಾಪಮಾನ ನೋಡಿ ಬರೆಯುತ್ತಾರೆ. ಭಾನುವಾರವೆಂದು ಅದು ತಪ್ಪುವಂತಿಲ್ಲ.

ಹೊರಗಿನ ಶೆಡ್ಡಿನಲ್ಲಿ ಆಮ್ಲಜನಕ. ಕಪ್ಪು ಮೈ, ಬಿಳಿ ಹೆಗಲಿನ ಸಿಲಿಂಡರುಗಳನ್ನು ಸರಪಳಿ ಬಿಗಿದು ನಿಲ್ಲಿಸಿದ್ದಾರೆ. ತುಂಬಿದವು ಒಂದು ಕಡೆ, ಖಾಲಿಯಾದವು ಇನ್ನೊಂದು ಕಡೆ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು 700 ನಿಮಿಷ, ಅಂದರೆ ಹನ್ನೊಂದು ಗಂಟೆ ನಲವತ್ತು ನಿಮಿಷವಷ್ಟೇ. ಇಂಥ ರೋಗಿಗಳು ಐವತ್ತು ಮಂದಿಯಿದ್ದರೆ ದಿನಕ್ಕೆ ನೂರಕ್ಕೂ ಹೆಚ್ಚು ಸಿಲಿಂಡರು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಕೋವಿಡ್ ರೋಗಿಗಳು ಜೀವ ಬಿಟ್ಟದ್ದನ್ನು ಈ ಲೆಕ್ಕದ ಮುಂದೆ ನಿಂತು ನೆನೆದರೆ ಎದೆ ಭಾರವಾಗುತ್ತದೆ.

ಕೊನೆಗೆ ಉಪಕರಣಗಳ ಕೋಣೆ. ಪ್ರತಿ ಯಂತ್ರಕ್ಕೂ ಒಂದು ಗುರುತಿನ ಸಂಖ್ಯೆ, ಒಂದು ಚರಿತ್ರೆ: ಯಾವಾಗ ಬಂತು, ಯಾವಾಗ ಕೆಟ್ಟಿತು, ವಾರಂಟಿ ಎಂದಿನವರೆಗೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಉಪಕರಣ ನಿರ್ವಹಣಾ ಕಾರ್ಯಕ್ರಮದ ಪ್ರಕಾರ ಜಿಲ್ಲಾಸ್ಪತ್ರೆಯ ಯಂತ್ರಗಳು ಶೇ 95ರಷ್ಟು ಸಮಯ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ 80. ಒಂದು ಸೆನ್ಸರ್, ಒಂದು ಬ್ಯಾಟರಿ ಇಲ್ಲದೆ ಲಕ್ಷಾಂತರ ರೂಪಾಯಿಯ ಯಂತ್ರ ಮೂಲೆ ಸೇರಬಾರದು. ಬಿಡಿಭಾಗಗಳ ಲೆಕ್ಕವನ್ನೂ ಔಷಧದಷ್ಟೇ ಶ್ರದ್ಧೆಯಿಂದ ಇಡಬೇಕು.

ಇಷ್ಟೆಲ್ಲ ನಡೆಯುವುದು ಬೆರಳೆಣಿಕೆಯ ಜನರ ಕೈಯಲ್ಲಿ. ಫಾರ್ಮಸಿ ಅಧಿಕಾರಿಯ ಹುದ್ದೆ ಖಾಲಿ ಬಿಟ್ಟ ಆಸ್ಪತ್ರೆಯಲ್ಲಿ ಎಂಥ ತಂತ್ರಾಂಶ ತಂದರೂ ಪ್ರಯೋಜನವಿಲ್ಲ. ಕಪಾಟಿನಲ್ಲಿ ಇರುವುದನ್ನು ಎಣಿಸಿ ಬರೆಯಲು ಮನುಷ್ಯರೇ ಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಅವುಗಳ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಭೆಗೆ ಕೂರುವ ಮೊದಲು ಉಗ್ರಾಣಕ್ಕೆ ಹೋಗಿ, ಜೀವರಕ್ಷಕ ಔಷಧಗಳ ಪಟ್ಟಿ ಹಿಡಿದು ಒಂದೊಂದನ್ನೂ ಕಣ್ಣಾರೆ ನೋಡಿ. ಇಲ್ಲದ್ದು ಕಂಡರೆ ಅಂದೇ ಇಂಡೆಂಟ್ ಹಾಕಿಸಿ.